ಎಐ ಮೊದಲು ಶಿಕ್ಷಕರ ಮೇಜಿಗೆ, ಆಮೇಲೆ ತರಗತಿಗೆ: ಕೋಲಾರ ಸೀಮೆಯಿಂದ ಒಂದು ಮಾರ್ಗದರ್ಶಿ

ಮೊದಲು ಒಂದು ಲೆಕ್ಕ ನೋಡಿ. ಹತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರ ಪಾಠಕ್ಕೆ ನಮ್ಮ ಕಡೆಯ ಉದಾಹರಣೆ ಬೇಕಿತ್ತು. ಪುಸ್ತಕದ ಲೆಕ್ಕಗಳು ಮುಗಿದಿದ್ದವು. ಫೋನಿನಲ್ಲಿ ಎಐ (ಕೃತಕ ಬುದ್ಧಿಮತ್ತೆ) ಆ್ಯಪ್ ತೆರೆದು, "ಕೋಲಾರದ ಮಂಡಿಯಲ್ಲಿ 20 ದಿನ 15 ಕೆ.ಜಿ. ಟಮೋಟ ಬಾಕ್ಸಿಗೆ ಸಿಕ್ಕ ಬೆಲೆ ಇಟ್ಟುಕೊಂಡು ಒಂದು ಸರಾಸರಿ ಲೆಕ್ಕ ಮಾಡಿಕೊಡು" ಎಂದು ಕೇಳಿದೆ. ಅರ್ಧ ನಿಮಿಷದಲ್ಲಿ ಕೋಷ್ಟಕ ಬಂತು. 100–200 ರೂಪಾಯಿ 4 ದಿನ, 200–300 ರೂಪಾಯಿ 6 ದಿನ, 300–400 ರೂಪಾಯಿ 7 ದಿನ, 400–500 ರೂಪಾಯಿ 2 ದಿನ. ಉತ್ತರ 272 ರೂಪಾಯಿ 50 ಪೈಸೆ. ಹಂತ ಹಂತವಾಗಿ ಬಿಡಿಸಿಯೂ ಕೊಟ್ಟಿತ್ತು. ನೋಡಲು ಅಚ್ಚುಕಟ್ಟು.

ಬೋರ್ಡಿನ ಮೇಲೆ ಬರೆದೆ. ಮೂರನೇ ಬೆಂಚಿನಿಂದ ಒಬ್ಬಳು, "ಮಿಸ್, ಕೂಡಿದ್ರೆ ದಿನ ಹತ್ತೊಂಬತ್ತೇ ಆಗ್ತವೆ" ಅಂದಳು.

ನಿಜ. 4, 6, 7, 2 ಸೇರಿದರೆ 19. ಆ್ಯಪ್ ಮಾತ್ರ ನಾನು ಹೇಳಿದ 20ರಿಂದಲೇ ಭಾಗಿಸಿ ಉತ್ತರ ಕೊಟ್ಟಿತ್ತು. ಕೊನೆಯ ಸಾಲನ್ನು 3 ದಿನ ಮಾಡಿದೆ. ಆಗ ಪ್ರತಿ ಸಾಲಿನ ನಡುವಿನ ಬೆಲೆಯನ್ನು ದಿನಗಳಿಂದ ಗುಣಿಸಿ ಕೂಡಿದ ಮೊತ್ತ 5,900, ಅದನ್ನು 20ರಿಂದ ಭಾಗಿಸಿದರೆ ಸರಾಸರಿ 295. ಲೆಕ್ಕ ಸರಿಹೋಯಿತು. ನನ್ನ ಮುಖ ಸರಿಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಅವತ್ತಿನಿಂದ ನಾನು ಎಐ ಬಿಟ್ಟಿಲ್ಲ, ಬದಲಿಗೆ ಬಳಸುವ ಕ್ರಮ ಬದಲಾಯಿಸಿಕೊಂಡೆ. ಅದು ಕೊಟ್ಟದ್ದು ಕರಡು ಅಷ್ಟೇ. ಕೆಂಪು ಪೆನ್ನು ಆಡಿಸದೆ ಅದು ತರಗತಿಯ ಬಾಗಿಲು ದಾಟಬಾರದು. ಈ ಬರಹದಲ್ಲಿರುವುದು ಆ ಕ್ರಮ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಸರ್ಕಾರಿ ಶಾಲೆಯ ಶಿಕ್ಷಕರನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದು ಫೋನು, ಒಂದು ಸಾಧಾರಣ ಡೇಟಾ ಪ್ಯಾಕು ಇದ್ದರೆ ಸಾಕು.

ಇದು ಏನು, ಏನಲ್ಲ

ಜಾಸ್ತಿ ಹೇಳುವುದಿಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂತು. ಅದರ ಹಿಂದೆಯೇ ಗೂಗಲ್‌ನ ಜೆಮಿನಿ, ಮೈಕ್ರೋಸಾಫ್ಟ್‌ನ ಕೋಪೈಲಟ್ ಎಲ್ಲಾ ಬಂದವು. ಇವೆಲ್ಲ ಭಾಷಾ ಮಾದರಿಗಳು. ಕೋಟಿಗಟ್ಟಲೆ ಪುಟಗಳನ್ನು ಓದಿಸಿ, ಒಂದು ಪದದ ಮುಂದೆ ಯಾವ ಪದ ಬರಬಹುದು ಎಂದು ಊಹಿಸುವುದನ್ನು ಕಲಿಸಿರುತ್ತಾರೆ. ಉತ್ತರ ಹುಟ್ಟುವುದೇ ಆ ಊಹೆಯಿಂದ. ಊಹೆ ಬಹಳ ಸಲ ಸರಿಯಿರುತ್ತದೆ. ತಪ್ಪಾದಾಗಲೂ ಅದೇ ಧೈರ್ಯದ ದನಿಯಲ್ಲಿ ಹೇಳುತ್ತದೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಿದ್ದರೂ ಎರಡು ಪುಟ ತುಂಬಿಸುವ ಹುಡುಗರನ್ನು ನೀವು ನೋಡಿದ್ದೀರಿ, ಅಲ್ವಾ? ಹಾಗೆಯೇ.

ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಇಂಗ್ಲಿಷ್‌ಗೆ ಹೋಲಿಸಿದರೆ ಅದು ಓದಿರುವ ಕನ್ನಡ ತೀರಾ ಕಡಿಮೆ. ಹಾಗಾಗಿ ವಾಕ್ಯ ಸಲೀಸಾಗಿ ಹರಿದರೂ ಪಾಠದ ಪಾರಿಭಾಷಿಕ ಪದ, ಊರಿನ ವಿಷಯ, ಸ್ಥಳೀಯ ಇತಿಹಾಸ ಬಂದಾಗ ಕಾಲು ಜಾರುತ್ತದೆ.

ಹಂತ 1: ಶುರು ಮಾಡುವ ಮುಂಚೆ

ಯಾವ ಆ್ಯಪ್ ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಈ ಕೆಲಸಕ್ಕೆ ಅದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಮೇಲೆ ಹೇಳಿದ ಮೂರರಲ್ಲಿ ಯಾವುದಾದರೂ ಆದೀತು, ಉಚಿತ ಆವೃತ್ತಿಯೇ ಸಾಕು. ಪ್ಲೇ ಸ್ಟೋರಿನಲ್ಲಿ ಇದೇ ಹೆಸರು ಹೋಲುವ ನಕಲಿ ಆ್ಯಪ್‌ಗಳು ಬೇಕಾದಷ್ಟಿವೆ. ತಯಾರಿಸಿದ ಕಂಪನಿಯ ಹೆಸರು ನೋಡಿ ಇಳಿಸಿಕೊಳ್ಳಿ. ವಾರಕ್ಕಿಷ್ಟು ದುಡ್ಡು ಕಟ್ಟಿ ಎಂದು ಮೊದಲ ಪರದೆಯಲ್ಲೇ ಕೇಳಿದರೆ ಅನುಮಾನಪಡಿ.

ಟೈಪ್ ಮಾಡುವುದು ತಲೆನೋವೇ? ಗೂಗಲ್ ಕೀಬೋರ್ಡಿನಲ್ಲಿ ಕನ್ನಡ ಆರಿಸಿ, ಮೈಕ್ ಒತ್ತಿ ಮಾತಾಡಿ. ನಿಧಾನವಾಗಿ ಹೇಳಿದರೆ ಚೆನ್ನಾಗಿಯೇ ಬರೆದುಕೊಳ್ಳುತ್ತದೆ. ಸ್ಟಾಫ್ ರೂಮಿನಲ್ಲಿ ಹೀಗೆ ಮಾತಾಡಿದರೆ ಪಕ್ಕದವರು ನಗುತ್ತಾರೆ. ಎರಡು ದಿನ ಅಷ್ಟೇ.

ಒಂದು ಕಟ್ಟುನಿಟ್ಟಿನ ನಿಯಮ: ಮಕ್ಕಳ ಹೆಸರು, ಸ್ಯಾಟ್ಸ್ ಸಂಖ್ಯೆ (ಇಲಾಖೆಯ ವಿದ್ಯಾರ್ಥಿ ದಾಖಲೆಯ ಸಂಖ್ಯೆ), ಆಧಾರ್, ಜಾತಿ, ಫೋಟೊ, ಅಂಕಪಟ್ಟಿ ಇವು ಯಾವುದೂ ಆ್ಯಪ್ ಒಳಗೆ ಹೋಗಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಕಾನೂನು ಆಚೆಗಿರಲಿ, ನಮ್ಮ ಮನೆಯ ಮಗುವಿನ ಅಂಕಪಟ್ಟಿ ಹೀಗೆ ಎಲ್ಲಿಗೋ ಹೋದರೆ ಸುಮ್ಮನಿರುತ್ತೇವಾ? ಒಂದು ಮಗುವಿನ ಬಗ್ಗೆ ಕೇಳಲೇಬೇಕಿದ್ದರೆ, "8ನೇ ತರಗತಿಯ ಒಂದು ಮಗು, ಭಾಗಾಕಾರದಲ್ಲಿ ಎಡವುತ್ತದೆ" ಎಂದರೆ ಸಾಕು.

ಹಂತ 2: ಕೇಳುವುದನ್ನು ಕಲಿಯಿರಿ

ಇಲ್ಲಿ ಸ್ವಲ್ಪ ನಿಲ್ಲೋಣ. ಮುಕ್ಕಾಲು ಪಾಲು ಕೆಲಸ ಇಲ್ಲೇ ಇದೆ.

"ಓಮ್‌ನ ನಿಯಮಕ್ಕೆ ಪಾಠ ಯೋಜನೆ ಕೊಡು" ಎಂದರೆ ಅದು ಯಾವುದೋ ಊರಿನ, ಯಾವುದೋ ಶಾಲೆಯ ಯೋಜನೆ ಕೊಡುತ್ತದೆ. ಅದರಲ್ಲಿ ಪ್ರೊಜೆಕ್ಟರ್ ಇರುತ್ತದೆ, ಪ್ರತಿ ಗುಂಪಿಗೂ ಒಂದೊಂದು ಕಿಟ್ ಇರುತ್ತದೆ, ಮಕ್ಕಳು ಲ್ಯಾಪ್‌ಟಾಪಿನಲ್ಲಿ ಸಿಮ್ಯುಲೇಶನ್ ನೋಡುತ್ತಾರೆ. ತಪ್ಪು ಅದರದ್ದಲ್ಲ. ನಮ್ಮ ತರಗತಿ ಹೇಗಿದೆ ಎಂದು ನಾವು ಹೇಳಲೇ ಇಲ್ಲ. ಹೊಸದಾಗಿ ಬಂದ ಅತಿಥಿ ಶಿಕ್ಷಕರಿಗೆ ಮೊದಲ ದಿನ ಏನೇನು ಹೇಳುತ್ತೀರೋ ಅದನ್ನೆಲ್ಲ ಇದಕ್ಕೂ ಹೇಳಬೇಕು.

ನಾನು ಬಳಸಿದ ಒಂದು ಸೂಚನೆಯನ್ನು ಹಾಗೇ ಕೊಡುತ್ತೇನೆ:

"ನಾನು ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. 10ನೇ ತರಗತಿ, ಕನ್ನಡ ಮಾಧ್ಯಮ, 34 ಮಕ್ಕಳು, 40 ನಿಮಿಷದ ಅವಧಿ. ಪಾಠ ವಿದ್ಯುಚ್ಛಕ್ತಿ, ಇವತ್ತಿನ ವಿಷಯ ಓಮ್‌ನ ನಿಯಮ. ನನ್ನ ಹತ್ತಿರ ಇರುವುದು ಕಪ್ಪು ಹಲಗೆ, ನಾಲ್ಕು ಟಾರ್ಚ್ ಸೆಲ್, ತಂತಿ, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, ಟಾರ್ಚ್ ಬಲ್ಬ್. ಪ್ರೊಜೆಕ್ಟರ್ ಇಲ್ಲ. ವಿದ್ಯುತ್ ಪ್ರವಾಹ ಅಂದರೇನು ಎಂದು ಮಕ್ಕಳಿಗೆ ಗೊತ್ತು. ಪ್ರವಾಹಕ್ಕೂ ವಿಭವಾಂತರಕ್ಕೂ ಇರುವ ವ್ಯತ್ಯಾಸದಲ್ಲಿ ಎಡವುತ್ತಾರೆ. 5ಇ ಮಾದರಿಯಲ್ಲಿ ಯೋಜನೆ ಕೊಡು. ಪ್ರತಿ ಹಂತಕ್ಕೂ ನಿಮಿಷ ಬರೆ. ವಾಕ್ಯ ಚಿಕ್ಕದಿರಲಿ. ಗೊತ್ತಿಲ್ಲದ್ದನ್ನು ಊಹಿಸಬೇಡ, ನನ್ನನ್ನೇ ಕೇಳು."

5ಇ ಎಂದರೆ ಮಕ್ಕಳನ್ನು ತೊಡಗಿಸುವುದರಿಂದ ಮೌಲ್ಯಮಾಪನದವರೆಗೆ ಐದು ಹಂತದ ಪಾಠ ಯೋಜನೆ. ಕೊನೆಯ ಸಾಲು ಮರೆಯಬೇಡಿ. ಅದನ್ನು ಸೇರಿಸಿದ ಮೇಲೆ ಆ್ಯಪ್ ತಿರುಗಿ ಪ್ರಶ್ನೆ ಕೇಳುತ್ತದೆ: ಹಿಂದಿನ ತರಗತಿಯಲ್ಲಿ ಏನು ಮಾಡಿಸಿದ್ದೀರಿ, ನಕ್ಷೆ ಬಿಡಿಸಲು ಗ್ರಾಫ್ ಹಾಳೆ ಇದೆಯೇ, ಹೀಗೆ. ಆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಹೋದಾಗಲೇ ನಮ್ಮ ಪಾಠ ನಮಗೆ ಸ್ಪಷ್ಟವಾಗುತ್ತದೆ.

ಮೊದಲ ಉತ್ತರವನ್ನೇ ಒಪ್ಪಿಕೊಳ್ಳಬೇಡಿ. "ಶುರುವಿನ ಹತ್ತು ನಿಮಿಷ ಉದ್ದ ಆಯ್ತು, ಐದಕ್ಕೆ ಇಳಿಸು." "ಈ ಉದಾಹರಣೆ ಬೇಡ, ಬೋರ್‌ವೆಲ್ ಮೋಟರ್ ಇಟ್ಟುಕೊಂಡು ಹೇಳು." ಹೀಗೆ ಮೂರು ನಾಲ್ಕು ಸಲ ತಿರುಗಿಸಿದ ಮೇಲೆ ಸಿಗುವುದೇ ಕೆಲಸಕ್ಕೆ ಬರುವ ಯೋಜನೆ. ಅದಕ್ಕೆ ಬೇಜಾರಾಗುವುದಿಲ್ಲ. ಬೇಜಾರಾಗುವುದು ನಮಗೇ, ಹಾಗಾಗಿ ಚಹಾ ಜೊತೆಗಿರಲಿ.

ಈ ಯೋಜನೆಯಲ್ಲೇ ಒಂದು ಸೂಕ್ಷ್ಮ ತಪ್ಪಿತ್ತು. ಟಾರ್ಚ್ ಬಲ್ಬ್ ಇದೆ ಎಂದೆನಲ್ಲ, ಅದು ಬಲ್ಬ್ ಇಟ್ಟುಕೊಂಡೇ ಓಮ್‌ನ ನಿಯಮದ ಪ್ರಯೋಗ ಕಟ್ಟಿಕೊಟ್ಟಿತ್ತು. ವಿಭವಾಂತರ (ವೋಲ್ಟೇಜ್) ಹೆಚ್ಚಿದ ಪ್ರಮಾಣದಲ್ಲೇ ಪ್ರವಾಹವೂ ಹೆಚ್ಚುತ್ತದೆ ಎಂಬುದು ಆ ನಿಯಮ. ಆದರೆ ಬಲ್ಬಿನ ತಂತು ಬಿಸಿಯಾದ ಹಾಗೆ ಅದರ ರೋಧ ಏರುತ್ತದೆ. ನಕ್ಷೆ ಸರಳರೇಖೆಯಾಗಿ ಬರದೆ ಬಾಗುತ್ತದೆ. ತಾಪ ಬದಲಾಗದಿದ್ದರೆ ಮಾತ್ರ ನಿಯಮ ನಿಲ್ಲುತ್ತದೆ ಎಂದು ಪುಸ್ತಕದಲ್ಲೇ ಇದೆ. ಅದಕ್ಕೇ ಅಲ್ಲಿ ನಿಕ್ರೋಮ್ ತಂತಿ ಬಳಸಿರುವುದು. ಎಲೆಕ್ಟ್ರಿಕ್ ಅಂಗಡಿಯಲ್ಲಿ ಹೀಟರ್ ಕಾಯಿಲ್ ಕೇಳಿ, ಅದು ನಿಕ್ರೋಮೇ. ಒಂದು ತುಂಡು ಕತ್ತರಿಸಿ ಟಾರ್ಚ್ ಸೆಲ್ಲಿಗೆ ಜೋಡಿಸಿದರೆ ರೀಡಿಂಗ್ ಚೆನ್ನಾಗಿ ಬರುತ್ತದೆ. ಮನೆಯ ಕರೆಂಟಿಗೆ ಮಾತ್ರ ಯಾವತ್ತೂ ಹಚ್ಚಬೇಡಿ. ಬಲ್ಬಿನ ಪ್ರಯೋಗವನ್ನೂ ನಾನು ಎಸೆಯಲಿಲ್ಲ. ಮಾರನೆಯ ದಿನ ಅದನ್ನೇ ಮಾಡಿಸಿ, "ಇದು ಯಾಕೆ ಬಾಗಿತು?" ಎಂದು ಕೇಳಿದೆ. ಆ ಅವಧಿಯೇ ಹೆಚ್ಚು ಕಳೆಕಟ್ಟಿತು.

ಹಂತ 3: ಪಠ್ಯಪುಸ್ತಕ ತೋರಿಸಿ, ಆದರೆ ಕಾಪಿ ಪೇಸ್ಟ್ ಬೇಡ

ಆ್ಯಪ್ ತನಗೆ ತೋಚಿದ ಪದಗಳಲ್ಲಿ ಪಾಠ ಬರೆಯುತ್ತದೆ. ನಮ್ಮ ಪುಸ್ತಕದಲ್ಲಿ "ರೋಧ" ಎಂದಿದ್ದರೆ ಅದು "ಪ್ರತಿರೋಧ" ಅನ್ನುತ್ತದೆ. "ವಿಭವಾಂತರ" ಇರುವ ಕಡೆ "ವೋಲ್ಟೇಜ್" ಅನ್ನುತ್ತದೆ. ಅರ್ಥ ಒಂದೇ ಇರಬಹುದು, ಆದರೆ ಪರೀಕ್ಷೆ ಬರೆಯುವ ಮಗುವಿಗೆ ಅವು ಎರಡು ಬೇರೆ ಪದ. ಆದ್ದರಿಂದ ಪಾಠದ ಪುಟವನ್ನೇ ಅದಕ್ಕೆ ಕೊಟ್ಟು, "ಈ ಪುಟದ ಪದಗಳನ್ನೇ ಬಳಸು" ಎನ್ನಬೇಕು.

ಪುಟ ಕೊಡುವಾಗ ಒಂದು ತಮಾಷೆ ಆಗುತ್ತದೆ. ಎಷ್ಟೋ ಕನ್ನಡ ಪಿಡಿಎಫ್‌ಗಳು ನುಡಿ ತರಹದ ಹಳೆಯ ಫಾಂಟಿನಲ್ಲಿವೆ, ಎಲ್ಲ ಆ್ಯಪ್ ಓದಬಲ್ಲ ಯೂನಿಕೋಡ್‌ನಲ್ಲಿ ಇಲ್ಲ. ಪರದೆ ಮೇಲೆ ಮುತ್ತಿನಂಥ ಕನ್ನಡ ಕಾಣುತ್ತದೆ. ಕಾಪಿ ಮಾಡಿ ಆ್ಯಪ್‌ನಲ್ಲಿ ಅಂಟಿಸಿದರೆ ಚುಕ್ಕಿ, ಕೊಕ್ಕೆ, ಇಂಗ್ಲಿಷ್ ಅಕ್ಷರಗಳ ಸಂತೆ. ಇನ್ನೂ ಕೆಟ್ಟದ್ದೆಂದರೆ, ಕೆಲವು ಸಲ ಆ್ಯಪ್ ಅದನ್ನು ಓದಿದಂತೆ ನಟಿಸಿ ಏನೋ ಒಂದು ಪಾಠ ಬರೆದುಬಿಡುತ್ತದೆ. ಅದರ ಬದಲು ಪುಟದ ಫೋಟೊ ತೆಗೆಯಿರಿ. ಹಗಲು ಬೆಳಕಿನಲ್ಲಿ, ನೆರಳು ಬೀಳದ ಹಾಗೆ, ಒಂದು ಸಲಕ್ಕೆ ಒಂದೇ ಪುಟ. ಫೋಟೊ ಹಾಕಿದ ಮೇಲೆ ಮೊದಲ ಕೆಲಸ: "ಈ ಪುಟದ ಮೊದಲ ಎರಡು ಸಾಲು ಓದಿ ಹೇಳು." ಸರಿಯಾಗಿ ಓದಿದರೆ ಮುಂದುವರಿಯಿರಿ. ಇಲ್ಲದಿದ್ದರೆ ಇನ್ನೊಂದು ಫೋಟೊ.

ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದಲ್ಲಿ, ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುವ ಸಾಮಗ್ರಿಯನ್ನು ಮೊದಲು ನೋಡಿ. ಅಲ್ಲಿ ಸಿದ್ಧ ಇರುವುದನ್ನು ಎಐ ಹತ್ತಿರ ಮತ್ತೆ ಮಾಡಿಸುವುದು ಸುಮ್ನೆ ಡೇಟಾ ದಂಡ.

ಹಂತ 4: ಕೆಂಪು ಪೆನ್ನು

ನಾನು ಮೂರು ಸಲ ಓದುತ್ತೇನೆ. ಮೊದಲ ಸಲ ಅಂಕಿ ಮಾತ್ರ. ಕೂಡಿ, ಕಳೆದು, ಕೀ ಉತ್ತರವನ್ನು ಕೈಯಾರೆ ಬಿಡಿಸಿ. ಟಮೋಟ ಲೆಕ್ಕದ ಕಥೆ ಹೇಳಿದ್ದೇನೆ. ಎರಡನೇ ಸಲ ಪದ. ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಪಾರಿಭಾಷಿಕ ಪದಗಳನ್ನು ತಾಳೆ ನೋಡುವುದು. ಮೂರನೇ ಸಲ ಊರು. ಈ ಮೂರನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಆರನೇ ತರಗತಿಗೆ ಪಾಠ ಮಾಡುವ ಗೆಳತಿಯೊಬ್ಬರಿಗೆ ಜಲಚಕ್ರದ ಮೇಲೆ ಒಂದು ಪುಟ್ಟ ಕಥೆ ಬೇಕಿತ್ತು. ಆ್ಯಪ್ ಬರೆದ ಕಥೆಯಲ್ಲಿ ಊರ ಪಕ್ಕ ವರ್ಷವಿಡೀ ತುಂಬಿ ಹರಿಯುವ ನದಿ, ದಡದಲ್ಲಿ ಭತ್ತದ ಗದ್ದೆ, ದೋಣಿ! ಕೋಲಾರದ ಮಗು ದೋಣಿ ನೋಡಿರುವುದು ಟಿವಿಯಲ್ಲಿ. ನಮ್ಮ ಮಕ್ಕಳಿಗೆ ನೀರು ಅಂದರೆ ಕೆರೆ, ಸಾವಿರ ಅಡಿ ಇಳಿದ ಬೋರ್‌ವೆಲ್, ಟ್ಯಾಂಕರ್ ಮುಂದಿನ ಬಿಂದಿಗೆ ಸಾಲು. 2018ರಿಂದ ಈಚೆಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಇದನ್ನೆಲ್ಲ ಹೇಳಿ ಮತ್ತೆ ಬರೆಸಿದರು. ಈ ಸಲ ಕಥೆಯ ನೀರಹನಿ ಬೆಂಗಳೂರಿನ ಒಂದು ಅಡುಗೆಮನೆಯ ಸಿಂಕಿನಲ್ಲಿ ಹುಟ್ಟಿ, ಪೈಪಿನಲ್ಲಿ ಬಂದು, ಕೋಲಾರದ ಕೆರೆಗೆ ಬಿದ್ದು, ಆವಿಯಾಗಿ ಮೇಲೇರಿತು. ಒಬ್ಬ ಹುಡುಗ, "ಹಾಗಾದ್ರೆ ಆ ನೀರು ಕುಡೀಬಹುದಾ ಮಿಸ್?" ಎಂದು ಕೇಳಿದನಂತೆ. ಆ ನೀರನ್ನು ಬಿಡುವುದು ಅಂತರ್ಜಲ ಹೆಚ್ಚಲಿ ಎಂದು, ನೇರವಾಗಿ ಕುಡಿಯಲು ಅಲ್ಲ ಎಂಬಲ್ಲಿಂದ ಪಾಠ ಮುಂದೆ ಹೋಯಿತು.

ತುಮಕೂರಿನವರು ಇದೇ ಕೆಲಸಕ್ಕೆ ತಿಪಟೂರಿನ ಕೊಬ್ಬರಿ, ಪಾವಗಡದ ಸೋಲಾರ್ ಪಾರ್ಕ್ ಹಿಡಿಯಬಹುದು. ಪಾವಗಡದ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಎಂಟನೇ ತರಗತಿಗೆ ಘಾತಸಂಖ್ಯೆ ಹೇಳಿಕೊಡಲು ಇದಕ್ಕಿಂತ ಒಳ್ಳೆ ಅಂಕಿ ಬೇಕಾ? ಚಿಕ್ಕಬಳ್ಳಾಪುರದವರಿಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇದೆ. ರೇಷ್ಮೆಹುಳುವಿನ ಜೀವನಚಕ್ರವನ್ನು ಅಲ್ಲಿನ ಮಕ್ಕಳು ನಿಮಗೇ ಹೇಳಿಕೊಡುತ್ತಾರೆ. ಅಂಥ ಕಡೆ ಎಐ ಅನ್ನು ಪಕ್ಕಕ್ಕಿಟ್ಟು ಮಕ್ಕಳ ಬಾಯಿಂದಲೇ ಪಾಠ ಮಾಡಿಸಿ.

ಹಂತ 5: ಒಂದೇ ಪಾಠ, ಮೂರು ಮಟ್ಟ

ನನ್ನ ಮಟ್ಟಿಗೆ ಎಐಯಿಂದ ಸಿಕ್ಕ ನಿಜವಾದ ಲಾಭ ಇದೇ. 34 ಮಕ್ಕಳಲ್ಲಿ ಎಂಟು ಜನ ಪುಸ್ತಕ ದಾಟಿ ಓಡುತ್ತಾರೆ, ಎಂಟು ಜನ ಇನ್ನೂ ಸರಾಗವಾಗಿ ಓದಲು ತಡವರಿಸುತ್ತಾರೆ, ಉಳಿದವರು ನಡುವೆ. ಮೂರು ಗುಂಪಿಗೂ ಬೇರೆ ಬೇರೆ ಅಭ್ಯಾಸ ಹಾಳೆ ಕೈಯಲ್ಲಿ ಬರೆಯುವುದೆಂದರೆ ಒಂದು ಭಾನುವಾರವೇ ಹೋಗುತ್ತದೆ. ಈಗ ಮುಕ್ಕಾಲು ಗಂಟೆ ಸಾಕು, ತಿದ್ದುವುದೂ ಸೇರಿ.

ಕೇಳುವುದು ಹೀಗೆ: "ಈ ಪುಟದ ಮೇಲೆ ಮೂರು ಅಭ್ಯಾಸ ಹಾಳೆ ಬೇಕು. ಮೊದಲನೆಯದರಲ್ಲಿ ಒಂದು ವಾಕ್ಯಕ್ಕೆ ಆರು ಪದ ಮೀರಬಾರದು, ಒತ್ತಕ್ಷರ ಕಡಿಮೆ ಇರಲಿ, ಹೊಂದಿಸಿ ಬರೆಯುವ ಪ್ರಶ್ನೆ ಇರಲಿ. ಎರಡನೆಯದು ಪುಸ್ತಕದ ಮಟ್ಟ. ಮೂರನೆಯದರಲ್ಲಿ 'ಯಾಕೆ' ಮತ್ತು 'ಹೀಗಾಗದಿದ್ದರೆ' ಪ್ರಶ್ನೆಗಳು. ಮೂರಕ್ಕೂ ತಲೆಬರಹ ಒಂದೇ ಇರಲಿ." ಕೊನೆಯ ಮಾತು ಬೇಕಂತಲೇ ಸೇರಿಸಿದ್ದು. ಹಾಳೆ ಮೇಲೆ "ನಿಧಾನ ಕಲಿಕೆಯವರಿಗೆ" ಎಂದು ಅಚ್ಚಾಗಿದ್ದರೆ ಆ ಮಗು ಅವತ್ತೇ ಕುಗ್ಗಿಹೋಗುತ್ತದೆ. ಆ್ಯಪ್‌ಗೆ ಅಷ್ಟು ತಿಳಿಯುವುದಿಲ್ಲ, ತಾನಾಗಿ ಬಿಟ್ಟರೆ ಹಾಗೇ ಬರೆಯುತ್ತದೆ.

ಪ್ರಶ್ನೆಪತ್ರಿಕೆಗೂ ಇದೇ ದಾರಿ. ನೀಲನಕ್ಷೆಯನ್ನು ನೀವೇ ಕೊಡಿ: ಯಾವ ಪಾಠಕ್ಕೆ ಎಷ್ಟು ಅಂಕ, 1 ಅಂಕದ್ದು ಎಷ್ಟು, 4 ಅಂಕದ್ದು ಎಷ್ಟು. ಒಟ್ಟು ಅಂಕ ನೀವೇ ಕೂಡಿ ನೋಡಿ. ಬಹುಆಯ್ಕೆ ಪ್ರಶ್ನೆಯಲ್ಲಿ ಎರಡು ಆಯ್ಕೆ ಒಟ್ಟಿಗೆ ಸರಿಯಾಗಿಬಿಡುವುದು, ಸರಿಯುತ್ತರವೇ ಯಾವಾಗಲೂ ಉದ್ದ ಇರುವುದು, ಸಾಲಾಗಿ 'ಬಿ' ಯೇ ಉತ್ತರವಾಗುವುದು ಇವೆಲ್ಲ ಮಾಮೂಲು. ನಮ್ಮ ಹುಡುಗರು ಇಂಥದ್ದನ್ನು ಎರಡೇ ಪರೀಕ್ಷೆಯಲ್ಲಿ ಹಿಡಿಯುತ್ತಾರೆ.

ಹಂತ 6: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ

ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ, ಪಾವಗಡ ಕಡೆ ಕೆಲಸ ಮಾಡುವವರಿಗೆ ಇದು ಗೊತ್ತಿರುವ ಕಷ್ಟ. ಮಗು ಮನೆಯಲ್ಲಿ ತೆಲುಗಾಡುತ್ತದೆ, ಪಾಠ ಕನ್ನಡದಲ್ಲಿ. ಎಐ ಇಲ್ಲಿ ಸೇತುವೆ ಹಾಕಬಲ್ಲದು. ಪಾಠದ ಹದಿನೈದು ಮುಖ್ಯ ಪದ ಕೊಟ್ಟು, "ತೆಲುಗಿನಲ್ಲಿ ಮನೆಮಾತಿನ ಪದ ಕೊಡು, ಕನ್ನಡ ಲಿಪಿಯಲ್ಲೇ ಬರೆ" ಎನ್ನಿ. ಕೆರೆಗೆ ಚೆರುವು, ಎಲೆಗೆ ಆಕು, ಬೇರಿಗೆ ವೇರು. ಬೇರು–ವೇರು ಜೋಡಿಯನ್ನು ಬೋರ್ಡಿನ ಮೇಲೆ ನೋಡಿದಾಗ ಮಕ್ಕಳ ಮುಖ ಅರಳುತ್ತದೆ. "ಒಂದೇ ಥರ ಇದೆ ಮಿಸ್!"

ಆದರೆ 'ಮನೆಮಾತು' ಎಂದು ಒತ್ತಿ ಹೇಳದಿದ್ದರೆ ಅದು ಗ್ರಾಂಥಿಕ ತೆಲುಗಿಗೆ ಹಾರುತ್ತದೆ. ಆವಿಯಾಗುವುದಕ್ಕೆ "ಬಾಷ್ಪೀಭವನಂ" ಎಂದು ಕೊಟ್ಟಿತು. ಆ ಪದ ಕನ್ನಡದಲ್ಲೂ ಕಷ್ಟ, ತೆಲುಗಿನಲ್ಲೂ ಕಷ್ಟ. "ಆವಿರಿ" ಎಂದರೆ ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಎಲ್ಲರಿಗೂ ಗೊತ್ತು. ನಿಮಗೆ ತೆಲುಗು ಬರದಿದ್ದರೆ ಪಟ್ಟಿಯನ್ನು ಬಿಸಿಯೂಟದ ಅಡುಗೆಯವರಿಗೆ ಓದಿ ಹೇಳಿ. ಎರಡೇ ನಿಮಿಷದಲ್ಲಿ ತಿದ್ದಿಕೊಡುತ್ತಾರೆ.

ಹಂತ 7: ಮಕ್ಕಳ ಮುಂದೆ ತೆರೆಯುವುದು

ಇಷ್ಟು ಹೊತ್ತು ಹೇಳಿದ್ದೆಲ್ಲ ಶಿಕ್ಷಕರ ಮೇಜಿನ ಕೆಲಸ. ಒಂದೆರಡು ತಿಂಗಳು ಅಲ್ಲೇ ಇರಿ. ಆಮೇಲೆ ಮಕ್ಕಳ ಮುಂದೆ ತೆರೆಯಿರಿ, ಆದರೆ ಫೋನು ನಿಮ್ಮ ಕೈಯಲ್ಲೇ ಇರಲಿ. ಎಐ ಜೊತೆ ಮಕ್ಕಳು ಸ್ವತಂತ್ರವಾಗಿ ಮಾತಾಡಲು ಕನಿಷ್ಠ 13 ವರ್ಷ ಇರಬೇಕು ಎಂದು ಯುನೆಸ್ಕೋ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಪ್ರಾಥಮಿಕ ಶಾಲೆಯವರು ಮಕ್ಕಳ ಕೈಗೆ ಕೊಡುವ ಯೋಚನೆಯನ್ನೇ ಬಿಡಬಹುದು. ಪ್ರೌಢಶಾಲೆಯಲ್ಲೂ ಪೋಷಕರಿಗೆ, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಮೊದಲು ಹೇಳಿ.

ನಮ್ಮಲ್ಲಿ ಚೆನ್ನಾಗಿ ನಡೆದದ್ದು 'ತಪ್ಪು ಹುಡುಕುವ ಆಟ'. "ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಬಗ್ಗೆ ಹತ್ತು ವಾಕ್ಯ ಬರೆ" ಎಂದು ಆ್ಯಪ್‌ಗೆ ಹೇಳಿ, ಬಂದದ್ದನ್ನು ತಿದ್ದದೆ ಬೋರ್ಡಿನ ಮೇಲೆ ಬರೆಯುವುದು. ಒಂದೊಂದು ಗುಂಪಿಗೆ ಎರಡೆರಡು ವಾಕ್ಯ. ಪುಸ್ತಕ, ಮನೆಯ ಹಿರಿಯರು, ಗ್ರಂಥಾಲಯ ಎಲ್ಲಾದರೂ ಕೇಳಿ ನಾಳೆ ಸರಿ ತಪ್ಪು ಹೇಳಬೇಕು. ಹೇಗೆ ಗೊತ್ತಾಯಿತು ಎಂಬುದನ್ನೂ ಹೇಳಬೇಕು.

ಕೆಜಿಎಫ್ ಚಿನ್ನದ ಗಣಿ ಇನ್ನೂ ನಡೆಯುತ್ತಿದೆ ಎಂಬ ಧಾಟಿಯಲ್ಲಿ ಒಂದು ವಾಕ್ಯವಿತ್ತು. ಗಣಿ 2001ರಲ್ಲೇ ಮುಚ್ಚಿತು. ಒಬ್ಬ ಹುಡುಗ ಗಣಿಯಲ್ಲಿ ದುಡಿದ ತನ್ನ ತಾತನನ್ನು ಕೇಳಿಕೊಂಡು ಬಂದಿದ್ದ. ಅವರು ಶಿವನಸಮುದ್ರದಿಂದ ಗಣಿಗೆ 1902ರಲ್ಲೇ ಕರೆಂಟು ಬಂದ ಕಥೆಯನ್ನೂ ಸೇರಿಸಿ ಕಳಿಸಿದ್ದರು. ಓಮ್‌ನ ನಿಯಮದ ಪಾಠಕ್ಕೆ ಅದು ನನಗೆ ಬಳುವಳಿ.

ಇನ್ನೊಂದು ವಾಕ್ಯದಲ್ಲಿ ಜಗಳವೇ ಆಯಿತು. "ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಕೋಲಾರ ಜಿಲ್ಲೆಯಲ್ಲಿದೆ." ಒಂದು ಗುಂಪು ತಪ್ಪು ಅಂತು, ಮುದ್ದೇನಹಳ್ಳಿ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಇನ್ನೊಂದು ಗುಂಪು ಒಂದು ಹಳೆಯ ಪುಸ್ತಕ ತಂದು ತೋರಿಸಿತು, ಅದರಲ್ಲಿ ಕೋಲಾರ ಜಿಲ್ಲೆ ಎಂದೇ ಇದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಪುಸ್ತಕ ಅದಕ್ಕೂ ಮುಂಚಿನದು. ಅಂದರೆ ಬರೆದ ಕಾಲಕ್ಕೆ ಪುಸ್ತಕ ಸರಿ, ಈಗ 'ಇದೆ' ಎನ್ನುವ ಆ್ಯಪ್ ತಪ್ಪು. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓದಿ ಅದು ಹೇಗೆ ಗೊಂದಲ ಮಾಡಿಕೊಳ್ಳುತ್ತದೆ ಎಂದು ವಿವರಿಸಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಹಂತ 8: ಇವುಗಳಿಗೆ ಬಳಸಬೇಡಿ

ಅಂಕ ಹಾಕಲು ಬೇಡ. ಉತ್ತರಪತ್ರಿಕೆಯ ಫೋಟೊ ಹಾಕಿ "ಎಷ್ಟು ಅಂಕ ಕೊಡಬಹುದು?" ಎಂದು ಕೇಳಿ ನೋಡಿದ್ದೇನೆ, ನನ್ನದೇ ಕೈಬರಹದಲ್ಲಿ ಒಂದು ಉತ್ತರ ಬರೆದು. ಒತ್ತಕ್ಷರಗಳನ್ನು ತಪ್ಪಾಗಿ ಓದಿ, ಬರೆಯದೇ ಇದ್ದ ಒಂದು ವಾಕ್ಯಕ್ಕೆ ಶಹಬ್ಬಾಸ್ ಹೇಳಿತು. ಎರಡನೇ ಸಲ ಕೇಳಿದಾಗ ಬೇರೆ ಅಂಕ. ಒಂದು ಮಗುವಿನ ಅಂಕವನ್ನು ಇಂಥದ್ದರ ಮೇಲೆ ಬಿಡಲು ಆಗುವುದಿಲ್ಲ.

ಚಿತ್ರಗಳಿಗೆ ಹುಷಾರು. ಹೃದಯದ ಚಿತ್ರ ಬರೆದುಕೊಡು ಎಂದರೆ ಬಣ್ಣ ಬಣ್ಣದ ಚಿತ್ರ ಬರುತ್ತದೆ, ಎಷ್ಟೋ ಸಲ ಭಾಗಗಳ ಹೆಸರು ಎಲ್ಲೆಲ್ಲೋ ಅಂಟಿರುತ್ತವೆ, ಕನ್ನಡ ಅಕ್ಷರಗಳು ಯಾವ ಲಿಪಿಯೋ ಎಂಬಂತೆ ಮುರಿದಿರುತ್ತವೆ. ಭೂಪಟವಂತೂ ಬೇಡವೇ ಬೇಡ. ಗಡಿ ಗೆರೆ ತಪ್ಪಾಗಿರುವ ಭಾರತದ ನಕ್ಷೆಯನ್ನು ಗೋಡೆಗೆ ಅಂಟಿಸಿ ತೊಂದರೆ ತಂದುಕೊಳ್ಳಬೇಡಿ. ಪುಸ್ತಕದ ನಕ್ಷೆಯೇ ಸಾಕು.

ಮನೆಯಲ್ಲಿ ಅಣ್ಣನ ಫೋನಿಂದ ಪ್ರಬಂಧ ಬರೆಸಿಕೊಂಡು ಬರುವ ಮಕ್ಕಳ ವಿಷಯ? ಎಐ ಬರೆದದ್ದನ್ನು ಪತ್ತೆ ಹಚ್ಚುತ್ತೇವೆ ಎನ್ನುವ ಸಾಧನಗಳನ್ನು ನಂಬಿ ಯಾರನ್ನೂ ಕಳ್ಳ ಅನ್ನಬೇಡಿ. ಅವು ಕೆಲವು ಸಲ ಮಗು ತಾನೇ ಬರೆದದ್ದನ್ನೂ ಎಐ ಬರೆದದ್ದು ಅನ್ನುತ್ತವೆ. ನಾನು ಮಾಡುವುದಿಷ್ಟೇ: "ನಿನ್ನ ಪ್ರಬಂಧದ ಎರಡನೇ ಪ್ಯಾರಾ ಬಾಯಲ್ಲಿ ಹೇಳು" ಅನ್ನುತ್ತೇನೆ. ಬರೆದ ಮಗು ಹೇಳುತ್ತದೆ. ಬರೆಯದ ಮಗು ಫ್ಯಾನ್ ನೋಡುತ್ತದೆ. ಈಗೀಗ ಮನೆಗೆಲಸವನ್ನೇ ಬದಲಾಯಿಸಿದ್ದೇನೆ. "ಜಾತ್ರೆ ಬಗ್ಗೆ ಪ್ರಬಂಧ" ಎಂದು ಕೊಡುವ ಬದಲು "ನಿಮ್ಮೂರ ಜಾತ್ರೆಯಲ್ಲಿ ಈ ವರ್ಷ ಹಾಕಿದ ಒಂದು ಅಂಗಡಿಯವರ ಜೊತೆ ಮಾತಾಡಿ ಅರ್ಧ ಪುಟ". ಅದು ಯಾವ ಫೋನಿನಲ್ಲೂ ಇಲ್ಲ.

ಹಂತ 9: ಒಬ್ಬರೇ ಮಾಡಬೇಡಿ

ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ 'ಶಿಕ್ಷಾ ಕೋಪೈಲಟ್' ಎಂಬ ಪಾಠ ಯೋಜನೆಯ ಸಾಧನವನ್ನು ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲೇ ಪ್ರಯೋಗ ಮಾಡಿವೆ. ಅಂಥದ್ದು ನಿಮ್ಮ ಕ್ಲಸ್ಟರಿಗೆ (ಸುತ್ತಲಿನ ಶಾಲೆಗಳ ಗುಂಪಿಗೆ) ಬಂದರೆ ಬಳಸಿ ನೋಡಿ. ಬರುವ ತನಕ ಕಾಯಬೇಕಿಲ್ಲ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಹತ್ತು ನಿಮಿಷ ಕೇಳಿಕೊಳ್ಳಿ. ಪ್ರತಿಯೊಬ್ಬರೂ ಒಂದು ಸೂಚನೆ, ಅದಕ್ಕೆ ಬಂದ ಉತ್ತರ, ಅದರಲ್ಲಿ ಸಿಕ್ಕ ತಪ್ಪು ಇಷ್ಟನ್ನು ಓದಲಿ. ತಪ್ಪುಗಳ ಪಟ್ಟಿಯೇ ಮುಂದಿನವರಿಗೆ ಹೆಚ್ಚು ಉಪಯೋಗ.

ನಾನು ಇದಕ್ಕೆಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಎಡಪುಟದಲ್ಲಿ ಕೇಳಿದ ಸೂಚನೆ, ಬಲಪುಟದಲ್ಲಿ ತಿದ್ದಿದ್ದು. ಮುಂದಿನ ವರ್ಷ ಅದೇ ಪಾಠಕ್ಕೆ ಬಂದಾಗ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನೆಟ್‌ವರ್ಕ್ ಬಗ್ಗೆ ಒಂದು ಮಾತು. ನಮ್ಮ ಶಾಲೆಯಲ್ಲಿ ಸಿಗ್ನಲ್ ಸಿಗುವುದು ಹೊಂಗೆ ಮರದ ಕೆಳಗೆ ಮಾತ್ರ. ಹಾಗಾಗಿ ಎಐ ಕೆಲಸವೆಲ್ಲ ರಾತ್ರಿ ಮನೆಯಲ್ಲಿ. ಬಂದ ಉತ್ತರವನ್ನು ಆ್ಯಪ್‌ನಲ್ಲೇ ಬಿಡುವುದಿಲ್ಲ, ವಾಟ್ಸಾಪಿನಲ್ಲಿ ನನಗೇ ಕಳಿಸಿಕೊಳ್ಳುತ್ತೇನೆ. ಬೆಳಗ್ಗೆ ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಒಂದು ಪ್ರಿಂಟು. ಬಸ್ಸಿನಲ್ಲಿ ಕೂತು ಕೆಂಪು ಪೆನ್ನಿನಲ್ಲಿ ತಿದ್ದುತ್ತೇನೆ. ಮೂರು ಸಲ ಓದಲು ಮುಕ್ಕಾಲು ಗಂಟೆಯ ದಾರಿ ಸಾಕು. ತಿದ್ದಿದ ಮೇಲೆ ಉಳಿದ 33 ಪ್ರತಿ. ಮೊದಲೇ 34 ಪ್ರತಿ ತೆಗೆಸಿ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಆ ಹಾಳೆಗಳ ಹಿಂಬದಿಯಲ್ಲಿ ಮಕ್ಕಳು ಇನ್ನೂ ರಫ್ ಲೆಕ್ಕ ಮಾಡುತ್ತಿದ್ದಾರೆ.